ಮರುನುಡಿ ಮೇಷ್ಟ್ರು ಮತ್ತು ಒಂದು ‘ಹೂಂ’

ಕರಾವಳಿ ಕಾವಲು ಪಡೆಯಲ್ಲಿ ಹೆಸರು ಮಾಡಿದವರದ್ದು ಎರಡು ಬಗೆ. ಬಿರುಗಾಳಿಯಲ್ಲಿ ಮುಳುಗುತ್ತಿದ್ದ ಹಡಗಿನಿಂದ ಜನರನ್ನು ಎತ್ತಿ ತಂದು, ಮರುದಿನದ ಪತ್ರಿಕೆಗಳಲ್ಲಿ ತಮ್ಮ ಭಾವಚಿತ್ರ ಕಂಡವರು ಒಂದು ಬಗೆ. ಹಾಗೆ ಎತ್ತಿ ತಂದವರಿಗೆ ಹಗ್ಗ ಹಿಡಿಯುವುದನ್ನು, ಚುಕ್ಕಾಣಿ ತಿರುಗಿಸುವುದನ್ನು, ಎಲ್ಲಕ್ಕಿಂತ ಮಿಗಿಲಾಗಿ ಬಾಯಿಬಿಟ್ಟು ನೆಟ್ಟಗೆ ಮಾತಾಡುವುದನ್ನು ಕಲಿಸಿ, ಭಾವಚಿತ್ರ ತೆಗೆಯುವ ಹೊತ್ತಿಗೆ ಜೆಟ್ಟಿಯ ಮೂಲೆಯಲ್ಲಿ ಮುಂದಿನ ತಂಡದ ಕಿವಿ ಹಿಂಡುತ್ತಾ ನಿಂತವರು ಇನ್ನೊಂದು ಬಗೆ. ಮೂವತ್ತಾರು ವರ್ಷಗಳ ಸೇವೆಯನ್ನು ಪೂರೈಸಿ ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಿರುವ ನಮ್ಮ ತರಬೇತಿ ಕೇಂದ್ರದ ಬೋಟು ಚಾಲನಾ ಬೋಧಕರು ಈ ಎರಡನೆಯ ಬಗೆಗೆ ಸೇರಿದವರು. ಇಂದು ನಮ್ಮ ಸಮುದ್ರದಲ್ಲಿ ಗಸ್ತು ತಿರುಗುವ ಬೋಟುಗಳಲ್ಲಿ ಅವರ ಶಿಷ್ಯರಿಲ್ಲದ ಬೋಟನ್ನು ಹುಡುಕಲು ಹೊರಟವರು ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಸೇವಾ ಪುಸ್ತಕದಲ್ಲಿ ಅವರ ಹೆಸರೇನೇ ಇರಲಿ, ಶಿಷ್ಯರ ಬಾಯಲ್ಲಿ ಅವರು ಮೊದಲಿನಿಂದಲೂ ‘ಮರುನುಡಿ ಮೇಷ್ಟ್ರು’.

ಮರುನುಡಿ ಎಂದರೆ ದೊಡ್ಡ ವಿದ್ಯೆಯೇನಲ್ಲ. ಚುಕ್ಕಾಣಿ ಹಿಡಿದವರಿಗೆ ‘ಎಡಕ್ಕೆ ಹತ್ತು’, ಅಂದರೆ ಎಡಕ್ಕೆ ಹತ್ತು ಡಿಗ್ರಿ, ಎಂಬ ಆಜ್ಞೆ ಬಂದರೆ, ಅವರು ಮೊದಲು ‘ಎಡಕ್ಕೆ ಹತ್ತು’ ಎಂದು ಅದೇ ಮಾತನ್ನು ಗಟ್ಟಿಯಾಗಿ ಹಿಂತಿರುಗಿಸಬೇಕು, ಆಮೇಲೆ ಕೈ ಆಡಿಸಬೇಕು. ಜಗತ್ತಿನ ಎಲ್ಲ ಬೋಟುಗಳಲ್ಲೂ ಇರುವ ನಿಯಮವೇ ಇದು. ಎಲ್ಲರೂ ಪಾಲಿಸುವುದು ಬೋಟಿನ ಮೇಲೆ ಮಾತ್ರ. ಮೇಷ್ಟ್ರು ಇದನ್ನು ತರಗತಿಗೆ, ಊಟದ ಮನೆಗೆ, ಆಟದ ಮೈದಾನಕ್ಕೆ, ಕೊನೆಗೆ ರಜೆಯ ಮೇಲೆ ಹೊರಟವರ ಬಸ್ಸಿನ ಬಾಗಿಲವರೆಗೂ ಒಯ್ದರು.

ಈ ಲೇಖನ ಬರೆಯುತ್ತಿರುವವಳು ಅವರ ಹಳೆಯ ಶಿಷ್ಯೆ, ಈಗ ಒಂದು ಗಸ್ತು ಬೋಟಿನ ಮುಖ್ಯಸ್ಥೆ. ಇಲಾಖೆಯ ವರದಿಗಳಲ್ಲಿ ‘ನಾನು’ ಎಂಬ ಪದಕ್ಕೆ ಜಾಗವಿಲ್ಲದ್ದರಿಂದಲೂ, ಹದಿನಾಲ್ಕು ವರ್ಷ ಅಂಥ ವರದಿಗಳನ್ನೇ ಬರೆದು ಕೈ ಪಳಗಿರುವುದರಿಂದಲೂ ತನ್ನನ್ನು ಇಲ್ಲಿ ‘ಅಭ್ಯರ್ಥಿ’ ಎಂದೇ ಕರೆದುಕೊಳ್ಳುತ್ತಾಳೆ. ಅಭಿನಂದನ ಗ್ರಂಥಗಳಲ್ಲಿ ಅಭಿನಂದಿತರಿಗಿಂತ ಲೇಖಕರೇ ಎದ್ದು ಕಾಣುವ ರೂಢಿಗೆ ಇದರಿಂದ ತುಸುವಾದರೂ ಕಡಿವಾಣ ಬಿದ್ದರೆ ಸಂತೋಷ.

ಮೇಷ್ಟ್ರು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸಾಮಾನ್ಯ ನಾವಿಕರಾಗಿ ಪಡೆಗೆ ಸೇರಿದರು. ಹತ್ತು ವರ್ಷ ಗಸ್ತು ಬೋಟುಗಳ ಮೇಲೆ ಉಪ್ಪುಗಾಳಿ ತಿಂದು, ಮೂವತ್ತೆರಡಕ್ಕೆ ತರಬೇತಿ ಕೇಂದ್ರಕ್ಕೆ ಬಂದವರು ಮತ್ತೆ ಅಲ್ಲಿಂದ ಕದಲಲಿಲ್ಲ. ಅವರ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಉಬ್ಬರವಿಳಿತದ ವೇಳಾಪಟ್ಟಿ. ಮೇಜಿನ ಖಾನೆಯಲ್ಲಿ ಮೂರು ಬೇರೆ ಬೇರೆ ನಂಬರಿನ ಓದುವ ಕನ್ನಡಕಗಳು ಇರುತ್ತಿದ್ದವು. ಮೇಷ್ಟ್ರ ಕಣ್ಣು ಹದ್ದಿನ ಕಣ್ಣು, ಅವರಿಗೆ ಕನ್ನಡಕ ಬೇಕಿರಲಿಲ್ಲ. ಮಕ್ಕಳನ್ನು ಸೇರಿಸಲು ಬಂದ ತಂದೆ ತಾಯಂದಿರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ಕನ್ನಡಕ ಮರೆತು ಬಂದೆವೆಂದು ಹೇಳಲು ನಾಚಿ, ಓದದೆಯೇ ಸಹಿ ಹಾಕಿಬಿಡುತ್ತಾರೆ ಎಂಬುದನ್ನು ಗಮನಿಸಿ ಅವರು ತಂದಿರಿಸಿದ್ದವು ಅವು. ಮಗಳು ಮುಳುಗಿದರೆ ಯಾರೂ ಹೊಣೆಯಲ್ಲ ಎಂದು ಬರೆದ ಕಾಗದವನ್ನು ಓದಿಯೇ ಸಹಿ ಹಾಕಬೇಕು ಎಂಬುದು ಅವರ ಹಟ.

ಅಭ್ಯರ್ಥಿಯ ಅಮ್ಮನದು ಒಂದು ಜೆರಾಕ್ಸ್ ಅಂಗಡಿ. ಸರ್ಕಾರಿ ಕಚೇರಿಗಳ ಬೀದಿಯ ಕೊನೆಯಲ್ಲಿ, ಹೊಲಿಗೆ ಯಂತ್ರ ರಿಪೇರಿಯವನ ಪಕ್ಕದಲ್ಲಿ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಅಗಲದ ಅಂಗಡಿ. ನಕಲು ತೆಗೆಯುವುದರ ಜೊತೆಗೆ ಊರವರ ಅರ್ಜಿಗಳನ್ನು ತುಂಬಿಕೊಡುವುದೂ ಅಲ್ಲಿನ ಕೆಲಸ. ಯಾವ ಕಾಲಂನಲ್ಲಿ ಏನು ಬರೆಯಬೇಕೆಂಬುದು ಅಮ್ಮನಿಗೆ ನೀರು ಕುಡಿದಷ್ಟು ಸಲೀಸು. ಇಂಥ ಮನೆಯಿಂದ ಹೋದ ಮೊದಲ ಅರ್ಜಿ ವಾಪಸು ಬಂತು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದದ್ದು ಇಷ್ಟು: ಮೂಲ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡು ನಕಲನ್ನು ಕೊಡುವುದೇ ಇಪ್ಪತ್ತು ವರ್ಷದ ಅಭ್ಯಾಸವಾದ್ದರಿಂದ, ಅಮ್ಮ ಸಹಿ ಮಾಡಿದ ಮೂಲ ಅರ್ಜಿಯನ್ನು ಬೀರುವಿನಲ್ಲಿಟ್ಟು, ಅದರ ಜೆರಾಕ್ಸನ್ನು ಲಕೋಟೆಗೆ ಹಾಕಿ ಕಳಿಸಿಬಿಟ್ಟಿದ್ದರು.

ಎರಡನೆಯ ವರ್ಷದ ಅರ್ಜಿಯನ್ನು ಅಭ್ಯರ್ಥಿ ತಾನೇ ತುಂಬಿದಳು. ಗಿರಾಕಿಗಳ ಗದ್ದಲದ ನಡುವೆ ಅಮ್ಮ ಯಂತ್ರದ ಮುಚ್ಚಳ ಎತ್ತುತ್ತಾ ಇಳಿಸುತ್ತಾ, “ಈಜು ಬರತ್ತೆ ಅಂತ ಬರೆದ್ಯಾ?” ಎಂದು ಕೇಳಿದರು. ಅಭ್ಯರ್ಥಿ “ಹೂಂ” ಎಂದಳು. ಬಾಯಿ ಹೇಳಿದ್ದನ್ನು ಕೈ ಬರೆಯಿತು. ‘ಈಜು ಬರುತ್ತದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ’ ಎಂಬ ಪ್ರಶ್ನೆಯ ಎದುರು, ಕಪ್ಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ‘ಹೂಂ’ ಎಂದು ದಾಖಲಾಯಿತು.

ಆ ವರ್ಷ ಅರ್ಜಿಗಳ ಪರಿಶೀಲನೆಗೆ ಕೂತಿದ್ದವರು ಮೇಷ್ಟ್ರು. ಈಜುಕೊಳದ ಪಕ್ಕ ಮೇಜು ಹಾಕಿಕೊಂಡು, ಅಭ್ಯರ್ಥಿಯ ಕಾಗದ ಬಂದಾಗ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಈಜು ಬರುತ್ತಾ?”

“ಹೂಂ ಸಾರ್.”

“ಅದನ್ನ ಇಲ್ಲೇ ಬರೆದಿದ್ದೀಯಲ್ಲಮ್ಮ. ನಾನು ಕೇಳ್ತಿರೋದು ಬರುತ್ತಾ ಅಂತ.”

ಬರುತ್ತಿರಲಿಲ್ಲ ಎಂದೇ ಹೇಳಬೇಕು. ನೂರು ಮೀಟರಿನ ಪರೀಕ್ಷೆಯಲ್ಲಿ ಅರವತ್ತರವರೆಗೆ ಹೇಗೋ ಹೋದ ಅಭ್ಯರ್ಥಿಯನ್ನು ಆಮೇಲೆ ಉದ್ದನೆಯ ಕೋಲು ಚಾಚಿ ದಡಕ್ಕೆ ಎಳೆದುಕೊಳ್ಳಬೇಕಾಯಿತು. ಅವಳ ಕೈಗೆ ಬಂದ ತಿರಸ್ಕಾರದ ಚೀಟಿಯ ಮುಖದ ಮೇಲೆ ಇಲಾಖೆಯ ಮೊಹರು ಇತ್ತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಸಾಲು ಇತ್ತು: ‘ಕತ್ತು ಎತ್ತಬೇಡ, ಎತ್ತಿದಷ್ಟೂ ಕಾಲು ಮುಳುಗುತ್ತದೆ. ಉಸಿರನ್ನು ನೀರಿನೊಳಗೆ ಬಿಡು. ದಿನಕ್ಕೆ ಇನ್ನೂರು ಮೀಟರ್, ವೇಗ ಬೇಡ. ಮುಂದಿನ ಪ್ರಕಟಣೆ ಬರುವ ವರ್ಷ ಇದೇ ತಿಂಗಳು.’ ಆ ದಿನ ಎಪ್ಪತ್ತಕ್ಕೂ ಹೆಚ್ಚು ಜನ ತಿರಸ್ಕೃತರಾಗಿದ್ದರು. ಅಷ್ಟೂ ಜನರ ಚೀಟಿಯ ಹಿಂದೆ ಅವರವರ ತಪ್ಪಿಗೆ ತಕ್ಕ ಹಾಗೆ ನಾಲ್ಕು ಸಾಲು ಇದ್ದವೆಂದು ಅಭ್ಯರ್ಥಿಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ತನಗೆ ಮಾತ್ರ ಬರೆದಿದ್ದಾರೆಂದು ಅಲ್ಲಿಯವರೆಗೆ ಅವಳು ಬೀಗುತ್ತಿದ್ದಳು.

ಮನೆಯಲ್ಲಿ ಸೋದರಮಾವ, “ಎರಡು ಸಲ ಮುಖಭಂಗ ಆಯ್ತಲ್ಲ, ಇನ್ನೂ ಯಾಕೆ ಆ ಉಸಾಬರಿ?” ಎಂದು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಗೊತ್ತುಮಾಡಿ ಬಂದರು. ಅಮ್ಮ ಆ ಚೀಟಿಯ ಹಿಂಬದಿಯದೊಂದು ಜೆರಾಕ್ಸ್ ತೆಗೆದು ಸ್ನಾನದ ಮನೆಯ ಬಾಗಿಲಿಗೆ ಅಂಟಿಸಿದರು, ಅಷ್ಟೆ. ಮೂರನೆಯದು ಕೊನೆಯ ಅವಕಾಶವಾಗಿತ್ತು. ಪಡೆಯ ನಿಯಮದಂತೆ ತರಬೇತಿ ಮುಗಿಸಿ ಪ್ರಮಾಣವಚನ ಸ್ವೀಕರಿಸುವ ದಿನ ಯಾರಿಗೂ ಇಪ್ಪತ್ತೈದು ದಾಟಿರಬಾರದು. ಅಭ್ಯರ್ಥಿ ಬೆರಳು ಮಡಿಸಿ ಎಣಿಸಿ ನೋಡಿದಳು. ಆ ತಂಡದಲ್ಲಿ ಆಯ್ಕೆಯಾಗಿ, ಒಂದೇ ಸಲಕ್ಕೆ ಪಾಸಾದರೆ, ಅವಳಿಗೆ ಎರಡು ತಿಂಗಳು ಉಳಿಯುತ್ತಿತ್ತು.

ಮೂರನೆಯ ಸಲ ಅವಳು ನೂರು ಮೀಟರ್ ಈಜಿ, ಮೆಟ್ಟಿಲು ಹತ್ತಿ, ಮೇಷ್ಟ್ರ ಮೇಜಿನ ಮುಂದೆ ನೀರು ಸುರಿಸುತ್ತಾ ನಿಂತಳು. ಹೊಗಳಿಕೆಯನ್ನು ನಿರೀಕ್ಷಿಸಿದ್ದಳು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೇಷ್ಟ್ರು ಪಟ್ಟಿಯಲ್ಲಿ ಗುರುತು ಹಾಕಿ, “ಬಟ್ಟೆ ಬದಲಾಯಿಸ್ಕೊ, ಶೀತ ಆಗತ್ತೆ” ಎಂದರು. ಮರುವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬಂದ ಅಮ್ಮ, ಮೂರು ಕನ್ನಡಕಗಳಲ್ಲಿ ನಡುವಿನದನ್ನು ಆರಿಸಿಕೊಂಡು, ಕಾಗದವನ್ನು ಎರಡು ಸಲ ಓದಿ, ಕಾಗುಣಿತದ ಒಂದು ತಪ್ಪನ್ನೂ ತೋರಿಸಿ ಸಹಿ ಹಾಕಿದರು. ಮೇಷ್ಟ್ರು ಆ ತಪ್ಪನ್ನು ತಿದ್ದಿಸಿ ಹೊಸ ನಮೂನೆ ಅಚ್ಚು ಹಾಕಿಸಿದರು. ಅದು ಇಂದಿಗೂ ಚಾಲ್ತಿಯಲ್ಲಿದೆ.

ತರಬೇತಿ ಇಪ್ಪತ್ತನಾಲ್ಕು ವಾರದ್ದು. ಬೆಳಗಿನ ಐದಕ್ಕೆ ಸೀಟಿ, ಐದೂಕಾಲಿಗೆ ಓಟ, ಆಮೇಲೆ ಹಗ್ಗ, ಗಂಟು, ನಕ್ಷೆ, ಇಂಜಿನ್, ಈಜು, ಮತ್ತೆ ಹಗ್ಗ. ಅಲ್ಲಿ ಯಾರಿಗೂ ಹೆಸರಿರಲಿಲ್ಲ, ಅಂಗಿಯ ಮೇಲೆ ಸಂಖ್ಯೆ ಇತ್ತು. ಅಭ್ಯರ್ಥಿ ‘ಹದಿನೇಳು’ ಆದಳು.

ಮೊದಲ ವಾರವೇ ಮೇಷ್ಟ್ರು ಎರಡು ವೈರ್‌ಲೆಸ್ ಸೆಟ್ಟುಗಳನ್ನು ತರಗತಿಗೆ ತಂದರು. ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ಹಿಡಿದು ಬಾಗಿಲ ಹೊರಗೆ ದೂರ ನಡೆದು ನಿಂತರು. ಮೇಜಿನ ಮೇಲಿನ ಸೆಟ್ಟು ಗೊರಗೊರ ಎಂದು “ಹೂಂ” ಎಂದಿತು. ಒಳಗೆ ಬಂದು, “ನಾನು ಏನಂದೆ?” ಎಂದು ಕೇಳಿದರು. ನಲವತ್ತೆರಡು ಜನರೂ ಒಂದೇ ಬಾಯಲ್ಲಿ “ಹೂಂ ಅಂದ್ರಿ ಸಾರ್” ಎಂದರು.

“ನಾನು ಅಂದಿದ್ದು ಉಹೂಂ. ಗುಂಡಿ ಒತ್ತೋಕೆ ಮೊದಲೇ ಬಾಯಿ ತೆಗೆದೆ. ಮೊದಲನೇ ಅಕ್ಷರ ಗಾಳಿಗೆ ಹೋಯ್ತು. ಬೇಡ ಅಂದಿದ್ದು ಬೇಕು ಅಂತ ಆಯ್ತು.” ಅವರು ಸೆಟ್ಟನ್ನು ಕೆಳಗಿಟ್ಟರು. “ಇದರಿಂದ ಎಷ್ಟು ಜನ ಸತ್ತಿದ್ದಾರೆ ಅಂತ ಕೇಳ್ಬೇಡಿ. ಇಲ್ಲಿ ಇನ್ನೂ ಯಾರೂ ಸತ್ತಿಲ್ಲ. ಅದಕ್ಕೇ ಈಗಲೇ ಹೇಳ್ತಿರೋದು.”

ಅಂದಿನಿಂದ ‘ಹೂಂ’ ಮತ್ತು ‘ಉಹೂಂ’ ಕೇಂದ್ರದ ಆವರಣದಲ್ಲಿ ನಿಷೇಧಿತ ಪದಗಳು. ಯಾರ ಬಾಯಿಂದ ಬಿದ್ದರೂ ಅವರ ಸಂಖ್ಯೆ ಬೋಟು ಮನೆಯ ಕಪ್ಪು ಹಲಗೆಯ ಮೇಲೆ ಏರುತ್ತಿತ್ತು. ಆ ಸಂಜೆ ಒದ್ದೆಯಾದ ಹಗ್ಗಗಳನ್ನೆಲ್ಲ ಅವರೊಬ್ಬರೇ ಸುತ್ತಿಡಬೇಕಿತ್ತು. ಹುಟ್ಟಿದಾಗಿನಿಂದ ಕಥೆ ಕೇಳುತ್ತಾ, ಬೈಗುಳ ಕೇಳುತ್ತಾ, ಫೋನು ಕೇಳುತ್ತಾ ಹೂಂಗುಟ್ಟಿಕೊಂಡೇ ಬೆಳೆದವರಿಗೆ ಇದು ಉಸಿರಾಡಬೇಡಿ ಎಂದಷ್ಟೇ ಕಷ್ಟದ ಮಾತು. ಹೂಂ ಎಂದರೆ ನಮ್ಮಲ್ಲಿ ಒಪ್ಪಿದೆ ಎಂದೂ ಆಗುತ್ತದೆ, ಕೇಳಿಸುತ್ತಿದೆ ಎಂದೂ ಆಗುತ್ತದೆ, ಕೇಳಿಸುತ್ತಿಲ್ಲ ಆದರೆ ನೀವು ಬೇಗ ಮುಗಿಸಿ ಎಂದೂ ಆಗುತ್ತದೆ. ಹದಿನೇಳು ಒಂಬತ್ತು ದಿನ ಸತತವಾಗಿ ಹಗ್ಗ ಸುತ್ತಿದಳು.

ಊಟದ ಮನೆಯಲ್ಲಿ ಬಡಿಸುವವನು “ಸಾಕಾ?” ಎಂದರೆ “ಸಾಕು, ಇನ್ನು ಹಾಕಬೇಡಿ” ಎಂದು ಪೂರ್ತಿ ಹೇಳಬೇಕು. ಹೇಳದಿದ್ದವರ ತಟ್ಟೆಗೆ ಅವನು ಮೇಷ್ಟ್ರ ಕಣ್ಸನ್ನೆಯ ಮೇರೆಗೆ ಇನ್ನೊಂದು ಸೌಟು ಸುರಿಯುತ್ತಿದ್ದ. ಭಾನುವಾರದ ಫೋನಿನಲ್ಲಿ ಅಮ್ಮ “ಊಟ ಆಯ್ತಾ?” ಎಂದಾಗ ಅಭ್ಯರ್ಥಿ “ಊಟ ಆಯ್ತು. ಎಂಟೂವರೆಗೆ ಆಯ್ತು” ಎಂದಳು. “ನಿದ್ದೆ ಬರ್ತಿದೆಯಾ?” ಎಂದರೆ “ನಿದ್ದೆ ಬರ್ತಿದೆ” ಎಂದಳು. ಅಮ್ಮ, “ಯಾಕೆ ಮಗಾ, ಕಚೇರಿಯವರ ಹತ್ರ ಮಾತಾಡ್ದಂಗೆ ಮಾತಾಡ್ತಿದ್ದೀಯ? ನನ್ನ ಮೇಲೆ ಏನಾದ್ರೂ ಬೇಜಾರಾ?” ಎಂದು ಕೇಳಿದರು. ಹಗ್ಗ ಸುತ್ತಿ ಕೈ ಬೊಬ್ಬೆ ಎದ್ದ ಕಥೆಯನ್ನೆಲ್ಲ ಆಗ ಬಿಡಿಸಿ ಹೇಳಬೇಕಾಯಿತು.

ಕೊನೆಯ ವಾರ ಬೋಟು ಪರೀಕ್ಷೆ. ಪ್ರಧಾನ ಕಚೇರಿಯಿಂದ ಪರೀಕ್ಷಾ ಮಂಡಳಿಯ ಅಧ್ಯಕ್ಷರು ಬಂದಿದ್ದರು. ನಾಲ್ವರ ತಂಡದಲ್ಲಿ ಚುಕ್ಕಾಣಿ ಹದಿನೇಳರದು. ಇಂಜಿನ್ನಿನ ಹಿಡಿಕೆ ‘ಗಡಿಯಾರ’ ಎಂಬ ಅಡ್ಡಹೆಸರಿನ ಸಹಪಾಠಿಯದು. ಹೊತ್ತು ಎಷ್ಟಾಯಿತೆಂದು ಕೇಳದೆಯೇ ಹೇಳುವ ಚಾಳಿ ಅವನಿಗೆ. ಜೆಟ್ಟಿಯಿಂದ ಹೊರಟು, ಮುಳುಗುವವನ ಬದಲಿಗೆ ತೇಲಿಬಿಟ್ಟ ಗೊಂಬೆಯನ್ನು ಹುಡುಕಿ, ಇಂಜಿನ್ ನಿಲ್ಲಿಸಿ, ಈಜುಗಾರನನ್ನು ನೀರಿಗಿಳಿಸಿ, ಗೊಂಬೆಯನ್ನು ಎತ್ತಿಕೊಂಡು ವಾಪಸು ಬರಲು ಹನ್ನೆರಡು ನಿಮಿಷ. ಮೇಷ್ಟ್ರು ಬೆಂಗಾವಲು ಬೋಟಿನ ಮೇಲೆ, ಅವಳ ಹಿಂಬದಿಗೆ ಇನ್ನೂರು ಮೀಟರ್ ದೂರದಲ್ಲಿ ವೈರ್‌ಲೆಸ್ ಹಿಡಿದು ನಿಂತಿದ್ದರು.

ಗೊಂಬೆಯನ್ನು ಮೇಲೆ ಎಳೆದುಕೊಂಡಿದ್ದಾಯಿತು. ಈಜುಗಾರ ಬೋಟಿನ ಬದಿಯ ಏಣಿಯ ಹತ್ತಿರ ಇದ್ದವನು ಅಲೆಯ ಹೊಡೆತಕ್ಕೆ ಸರಿದು ಕಣ್ಣಿಗೆ ಬೀಳದಾದ. ಏಣಿಯ ಆ ಬದಿಯಲ್ಲಿದ್ದಾನೆಂದು ತಂಡದವರು ತಿಳಿದರು. ಹದಿನೇಳು ನಿಯಮದಂತೆ ವೈರ್‌ಲೆಸ್ಸಿನಲ್ಲಿ ಕೇಳಿದಳು: “ಈಜುಗಾರ ಹಿಂಭಾಗದಿಂದ ದೂರ ಇದ್ದಾನೆಯೇ? ಇಂಜಿನ್ ಚಾಲೂ ಮಾಡಲೇ?”

ಸೆಟ್ಟಿನಿಂದ ಉತ್ತರ ಬಂತು. “ಹೂಂ.”

ಧ್ವನಿ ಮೇಷ್ಟ್ರದ್ದೇ. ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

“ಹೂಂ ಅಂದ್ರಲ್ಲ, ಹಾಕ್ತೀನಿ,” ಎನ್ನುತ್ತಾ ಗಡಿಯಾರ ಹಿಡಿಕೆಯ ಮೇಲೆ ಕೈಯಿಟ್ಟ.

“ಹಾಕ್ಬೇಡ. ಅದು ಉತ್ತರ ಅಲ್ಲ.”

“ಮೇಷ್ಟ್ರೇ ಅಂದಿದ್ದು. ಒಂಬತ್ತೂಮುಕ್ಕಾಲು ನಿಮಿಷ ಆಯ್ತು.”

“ಯಾರಂದ್ರೂ ಅದು ಉತ್ತರ ಅಲ್ಲ. ಕೈ ತೆಗಿ.”

ಅವಳು ಮತ್ತೆ ಕೇಳಿದಳು. ಅಷ್ಟರಲ್ಲಿ ಬೇರಾವುದೋ ಬೋಟಿನವರು ಅದೇ ತರಂಗದಲ್ಲಿ ಮಾತು ತೆಗೆದಿದ್ದರು. ಸೆಟ್ಟು ಬರೀ ಗೊರಗೊರ ಎಂದಿತು. ಮೂರನೆಯ ಸಲ ಕೇಳಿದಾಗ, ಮೊದಲ ‘ಹೂಂ’ ಬಂದ ಐವತ್ತೈದು ಸೆಕೆಂಡುಗಳ ಮೇಲೆ, ಮೇಷ್ಟ್ರ ಧ್ವನಿ ಒಂದೊಂದೇ ಪದ ಬಿಡಿಸಿ ಹೇಳಿತು: “ಚಾಲೂ ಮಾಡಬೇಡ. ಮತ್ತೆ ಹೇಳ್ತೀನಿ, ಚಾಲೂ ಮಾಡಬೇಡ. ಈಜುಗಾರ ನಿನ್ನ ಹಿಂಭಾಗದಲ್ಲೇ ಇದ್ದಾನೆ.” ಅವಳು ಅದನ್ನು ಪದಶಃ ಹಿಂತಿರುಗಿಸಿ, ಚುಕ್ಕಾಣಿ ಬಿಟ್ಟು ಹಿಂದಕ್ಕೆ ಬಾಗಿ ನೋಡಿದಳು. ನೀರಿನೊಳಗೆ ತಿರುಗುವ ಇಂಜಿನ್ನಿನ ಫ್ಯಾನಿಗೆ ಒಂದು ತೋಳಿನಷ್ಟು ದೂರದಲ್ಲಿ, ಸಿಕ್ಕಿಕೊಂಡ ಹಗ್ಗವನ್ನು ಬಿಡಿಸುತ್ತಾ ಈಜುಗಾರನ ಕೆಂಪು ಟೋಪಿ ಏಳುತ್ತಾ ಬೀಳುತ್ತಾ ಇತ್ತು. ಗಡಿಯಾರನ ಮುಖ ಸುಣ್ಣ ಬಳಿದ ಹಾಗಾಯಿತು. ದಡ ಸೇರುವವರೆಗೆ ಅವನು ಹೊತ್ತು ಹೇಳಲಿಲ್ಲ.

ಬೋಟು ಜೆಟ್ಟಿಗೆ ತಾಗಿದಾಗ ಹನ್ನೆರಡು ನಿಮಿಷ ನಲವತ್ತು ಸೆಕೆಂಡು ಆಗಿತ್ತು.

ಅಭ್ಯರ್ಥಿ ವಸತಿಗೆ ಹೋಗಿ ಮಂಚದ ಮೇಲೆ ಕೂತಳು. ಆದದ್ದು ಏನೆಂದು ಅವಳಿಗೆ ತಿಳಿದಿತ್ತು. ಟೋಪಿಯನ್ನು ಕಂಡ ಗಾಬರಿಯಲ್ಲಿ ಮೇಷ್ಟ್ರ ಬಾಯಿ ಬೆರಳಿಗಿಂತ ಮುಂದೆ ಓಡಿತ್ತು. ಅದೂ, ಬೇಡ ಎನ್ನುವ ಬದಲು ಮನೆಯ ಮಾತೇ ಹೊರಬಿದ್ದಿತ್ತು. ಮಂಡಳಿಯ ಮುಂದೆ ಹೋಗಿ ಹೇಳಬಹುದಿತ್ತು. ಆದರೆ ಅಲೆಗಳ ಗದ್ದಲದಲ್ಲಿ ಒಂದು ಅಕ್ಷರ ಕಳೆದುಹೋಯಿತೆಂದು, ಅದನ್ನು ನುಂಗಿದವರು ಮರುನುಡಿ ಮೇಷ್ಟ್ರೇ ಎಂದು, ಇಪ್ಪತ್ತೈದು ತುಂಬಲಿರುವ ತರಬೇತಿಯವಳೊಬ್ಬಳು ಹೇಳಿದರೆ ನಂಬುವವರು ಯಾರು? ನಂಬಿದರೂ, ಅವರ ಮೇಲೆ ದೂರು ಹೇಳಿ ಗೆಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಸಿಟ್ಟು ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷದ ಪಾಡೆಲ್ಲ ಒಂದು ಹೂಂನಲ್ಲಿ ಹೋಗಿತ್ತು. ಮೇಷ್ಟ್ರು ಆಚೆ ಓಡಾಡುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವರು ಒಳಗೆ ಬರಲಿಲ್ಲ. ಅವಳು ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬಿದಳು.

ಮಧ್ಯಾಹ್ನ ಮೂರಕ್ಕೆ ಸಭಾಂಗಣದಲ್ಲಿ ಅಧ್ಯಕ್ಷರು ಫಲಿತಾಂಶ ಓದಿದರು. ಹದಿನಾರರವರೆಗೆ ಓದಿ, “ಹದಿನೇಳು” ಎಂದು ನಿಲ್ಲಿಸಿ, ಪಕ್ಕಕ್ಕೆ ನೋಡಿದರು. ಮೇಷ್ಟ್ರು ಎದ್ದು ನಿಂತರು.

“ಹದಿನೇಳರ ಬೋಟಿಗೆ ಬೆಳಿಗ್ಗೆ ಹೋದ ‘ಹೂಂ’ ನನ್ನದು,” ಎಂದರು. “ಉಹೂಂ ಅಂದೆ. ಅನ್ನಬಾರದಿತ್ತು. ಗುಂಡಿನೂ ತಡವಾಗಿ ಒತ್ತಿದೆ. ಆ ಹುಡುಗಿ ನನ್ನ ಮಾತು ಕೇಳಿದ್ದಿದ್ರೆ ಈಜುಗಾರನಿಗೆ ಇವತ್ತು ಕಾಲು ಇರ್ತಿರಲಿಲ್ಲ. ಕೇಳದೆ ಇದ್ದಿದ್ದಕ್ಕೆ ತಡ ಆಯ್ತು. ಆ ಐವತ್ತೈದು ಸೆಕೆಂಡು ನಂದು, ಅವಳದಲ್ಲ.”

ಅಧ್ಯಕ್ಷರು ತಲೆಯಾಡಿಸಿ, ಹದಿನೇಳರ ಸಮಯ ಹನ್ನೊಂದು ನಿಮಿಷ ನಲವತ್ತೈದು ಸೆಕೆಂಡು, ಉತ್ತೀರ್ಣ ಎಂದು ಓದಿ ಹದಿನೆಂಟಕ್ಕೆ ಹೋದರು. ಅಭ್ಯರ್ಥಿಗೆ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಮರುದಿನ ಬೋಟು ಮನೆಯ ಹಲಗೆಯ ಮೇಲೆ ಮೇಷ್ಟ್ರ ದಪ್ಪ ಕೈಬರಹದಲ್ಲಿ ‘ಬೋಧಕ’ ಎಂಬ ಒಂದೇ ಪದ ಇತ್ತು. ಸಂಜೆ ನಲವತ್ತೆರಡು ಜನ ನೋಡುತ್ತಿದ್ದಂತೆ ಅವರು ಒಬ್ಬರೇ ಕೂತು ಹಗ್ಗ ಸುತ್ತಿದರು. ಸಹಾಯಕ್ಕೆ ಹೋದ ಗಡಿಯಾರನಿಗೆ, “ನಿನ್ನ ಸಂಖ್ಯೆ ಅಲ್ಲಿದೆಯಾ? ಇಲ್ಲ ತಾನೆ? ನಡಿ,” ಎಂದರು.

ಇಷ್ಟು ಕೇಂದ್ರದ ಎಲ್ಲರಿಗೂ ತಿಳಿದ ಕಥೆ. ಪ್ರತಿ ತಂಡಕ್ಕೂ ಹಿಂದಿನ ತಂಡದವರು ಇದನ್ನು ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಮೇಷ್ಟ್ರು ಮುಂದೆ ಹದಿನಾಲ್ಕು ವರ್ಷ ಅದೇ ಬೋಟು ಮನೆಯಲ್ಲಿ, ಅದೇ ಹುದ್ದೆಯಲ್ಲಿ ಉಳಿದರು. ತರಬೇತಿ ಅಧೀಕ್ಷಕರ ಸ್ಥಾನಕ್ಕೆ ಅವರಿಗಿಂತ ಕಿರಿಯರು ಒಬ್ಬರ ಹಿಂದೊಬ್ಬರು ಬಂದರು. ಯಾಕೆಂದು ಕೇಳಿದವರಿಗೆ ಮೇಷ್ಟ್ರು, “ಕುರ್ಚಿ ಮೇಲೆ ಕೂತ್ರೆ ನನಗೆ ಸೊಂಟ ನೋವು” ಎನ್ನುತ್ತಿದ್ದರು. ಎಲ್ಲರೂ ನಂಬಿದರು. ಅಭ್ಯರ್ಥಿಯೂ ನಂಬಿದಳು. ಕೆಲವರಿಗೆ ನೀರೇ ಇಷ್ಟ, ಕಾಗದ ಇಷ್ಟವಿಲ್ಲ ಎಂದು ತಾನೂ ನಾಲ್ಕು ಜನರಿಗೆ ಹೇಳಿದಳು.

ಈ ಲೇಖನಕ್ಕೆಂದು ತಾರೀಕುಗಳನ್ನು ಸರಿನೋಡಲು ಕಳೆದ ತಿಂಗಳು ಅವಳು ದಾಖಲೆ ವಿಭಾಗಕ್ಕೆ ಹೋಗಿ ಆ ವರ್ಷದ ಕಡತ ತೆಗೆಸಿದಳು. ಅದರಲ್ಲಿ ಪರೀಕ್ಷೆಯ ದಿನ ಮಧ್ಯಾಹ್ನ ಒಂದೂವರೆಗೆ ಅಧ್ಯಕ್ಷರು ಬರೆದ ಟಿಪ್ಪಣಿ ಇತ್ತು: ‘ವೈರ್‌ಲೆಸ್ ದೋಷವೆಂದು ದಾಖಲಿಸಿದರೆ ಯಾರಿಗೂ ತೊಂದರೆಯಾಗದು. ಯೋಚಿಸಿ. ಬಡ್ತಿ ಪಟ್ಟಿ ಈ ತಿಂಗಳೇ ಹೊರಡುವುದಿದೆ.’ ಅದರ ಕೆಳಗೆ ಮೇಷ್ಟ್ರ ಕೈಬರಹ: ‘ವೈರ್‌ಲೆಸ್ ಸರಿಯಾಗಿತ್ತು. ಮೆಕ್ಯಾನಿಕ್ ಬೆಳಿಗ್ಗೆ ನನ್ನೆದುರೇ ಪರೀಕ್ಷಿಸಿದ್ದಾನೆ. ಉಪಕರಣದ ದೋಷವೆಂದರೆ ನಿಯಮದಂತೆ ಹದಿನೇಳಕ್ಕೆ ಮರುಪರೀಕ್ಷೆ ಮುಂದಿನ ತಂಡದೊಂದಿಗೆ. ಅಷ್ಟರಲ್ಲಿ ಆಕೆಗೆ ವಯಸ್ಸು ಮೀರುತ್ತದೆ. ಪರೀಕ್ಷಕನ ದೋಷವೆಂದೇ ದಾಖಲಿಸತಕ್ಕದ್ದು.’ ಮುಂದಿನ ಹಾಳೆ ಹತ್ತೊಂಬತ್ತು ದಿನಗಳ ನಂತರದ್ದು, ಅಧೀಕ್ಷಕರ ಸ್ಥಾನದ ಪಟ್ಟಿ. ಮೊದಲ ಹೆಸರು ಮೇಷ್ಟ್ರದ್ದು. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಗಿದೆ, ಐದು ವರ್ಷ ಪರಿಗಣಿಸುವಂತಿಲ್ಲ’ ಎಂಬ ಷರಾ. ಐದು ವರ್ಷದ ಮೇಲೆ ಆ ಸ್ಥಾನ ತೆರವಾದಾಗ ನಿಯಮಗಳು ಬದಲಾಗಿ, ಪದವಿ ಇಲ್ಲದವರು ಅದಕ್ಕೆ ಅರ್ಹರಾಗಿ ಉಳಿದಿರಲಿಲ್ಲ.

ಅಭ್ಯರ್ಥಿ ಆ ಎರಡು ಹಾಳೆಗಳ ನಕಲು ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದಳು. ಬೋಧಕರ ಸಾಲಿನ ಕೊನೆಯ ಎರಡು ಕೋಣೆಯ ಮನೆ. ಸಾಮಾನು ಅರ್ಧ ಕಟ್ಟಿಯಾಗಿತ್ತು. ಮೇಷ್ಟ್ರು ಕಾಗದ ನೋಡಿ, “ಹಳೇ ಕಾಗದ. ಅದನ್ನೆಲ್ಲ ಯಾಕೆ ಕೆದಕ್ತೀಯ?” ಎಂದರು.

“ಯಾಕೆ ಸಾರ್ ಹೇಳಲಿಲ್ಲ? ಹದಿನಾಲ್ಕು ವರ್ಷ.”

“ಏನಂತ ಹೇಳ್ಲಿ? ನೀನು ಕೆಲಸ ಕಲೀಬೇಕಿತ್ತು. ನನ್ನ ಋಣ ಒಂದು ಕಡೆ ಹೊತ್ಕೊಂಡ್ರೆ ಬೋಟು ಆ ಕಡೆಗೇ ವಾಲುತ್ತೆ.”

ಮೇಷ್ಟ್ರ ಪತ್ನಿ ಕಾಫಿ ತಂದಿಟ್ಟು ನಕ್ಕರು. “ಇವರೇನೋ ಎದ್ದು ನಿಂತು ಹೇಳಿಬಿಟ್ರು. ನಾನು ಅಧೀಕ್ಷಕರ ಮನೆ ಸಿಗತ್ತೆ ಅಂತ ಹದಿನೈದು ದಿನ ಮೊದಲೇ ಪರದೆ ಹೊಲಿಸಿಟ್ಟಿದ್ದೆ. ಆ ಮನೆ ಕಿಟಕಿ ನೆಲದವರೆಗೂ ಇದೆ, ನೋಡಿದ್ದೀಯಲ್ಲ. ಅಳತೆ ಕೂಡ ತಗೊಂಡು ಬಂದಿದ್ದೆ, ಆಚೆಯಿಂದಲೇ.”

“ಅವೇ ಅಲ್ವಾ ಇವು,” ಎಂದರು ಮೇಷ್ಟ್ರು. “ಚೆನ್ನಾಗೇ ಇವೆ.”

ಅಭ್ಯರ್ಥಿ ಕಿಟಕಿಗಳ ಕಡೆ ನೋಡಿದಳು. ಗಿಡ್ಡ ಕಿಟಕಿಗಳು. ನೀಲಿ ಪರದೆಗಳು ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿದ್ದವು. ಬಟ್ಟೆಯನ್ನು ಕತ್ತರಿಸಿರಲಿಲ್ಲ. ಉದ್ದ ಹೆಚ್ಚಾದ ಭಾಗವನ್ನೆಲ್ಲ ಮಡಚಿ, ಎಳೆದರೆ ಬಿಚ್ಚಿಬರುವಂಥ ಕಚ್ಚಾ ಹೊಲಿಗೆ ಹಾಕಿತ್ತು. ಮಡಿಕೆ ಮೊಣಕೈಯಷ್ಟು ಅಗಲವಿತ್ತು. ಅವಳು ಕಾಫಿಯ ಲೋಟವನ್ನು ಕೆಳಗಿಟ್ಟಳು. ಕ್ಷಮೆ ಕೇಳಬೇಕೆನಿಸಿತು. ಯಾವುದಕ್ಕೆಂದು ತಿಳಿಯಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಮೇಷ್ಟ್ರು ನೋಡಿಯೂ ನೋಡದಂತೆ ಹಗ್ಗದ ಕಟ್ಟು ಬಿಗಿಯತೊಡಗಿದರು.

ನಿವೃತ್ತಿಯ ನಂತರಕ್ಕೆಂದು ಮೇಷ್ಟ್ರು ಮೀನುಗಾರರ ಬಂದರಿನ ಹತ್ತಿರ ಬಾಡಿಗೆ ಮನೆ ಹಿಡಿದಿದ್ದಾರೆ. ಅಲ್ಲಿನ ಬೋಟಿನವರಿಗೆ ವಾರಕ್ಕೆ ಮೂರು ದಿನ ವೈರ್‌ಲೆಸ್ ಮಾತು ಕಲಿಸಲು ಈಗಾಗಲೇ ಒಪ್ಪಿಕೊಂಡಿದ್ದಾರೆ. ಆ ಕೆಲಸ ಅವರ ಕೈಯಲ್ಲಿ ಇನ್ನೂ ಬಹುಕಾಲ ನಡೆಯಲಿ, ಅವರಿಗೂ ಅವರ ಪತ್ನಿಗೂ ಗಟ್ಟಿ ಆರೋಗ್ಯ ಮತ್ತು ನೂರು ತುಂಬುವ ಆಯುಸ್ಸು ಇರಲಿ ಎಂದು ಇಪ್ಪತ್ತಾರು ತಂಡಗಳ ಶಿಷ್ಯರ ಪರವಾಗಿ ಅಭ್ಯರ್ಥಿ ಹಾರೈಸುತ್ತಾಳೆ.

ಆ ದಿನ ಅಭ್ಯರ್ಥಿ ಅವರ ಮನೆಯಿಂದ ಹೊರಡುವ ಹೊತ್ತಿಗೆ ಮೇಷ್ಟ್ರ ಪತ್ನಿ ಒಂದು ಪರದೆಯ ತುದಿ ಹಿಡಿದು ಹೊಲಿಗೆ ಎಳೆಯುತ್ತಿದ್ದರು. ಹೊಸ ಮನೆಯ ಕಿಟಕಿಗಳು ಉದ್ದವಾಗಿವೆಯಂತೆ. ನೂಲು ಒಂದೇ ಎಳೆತಕ್ಕೆ ಬಂತು. ಮಡಿಕೆಯೊಳಗಿನ ಬಟ್ಟೆ ಹದಿನಾಲ್ಕು ವರ್ಷ ಬಿಸಿಲು ಕಾಣದೆ ಅಂಗಡಿಯಿಂದ ತಂದ ದಿನದ ನೀಲಿಯಲ್ಲೇ ಇತ್ತು.

“ಎರಡು ಬಣ್ಣ ಕಾಣತ್ತೆ,” ಎಂದರು ಅವರು, ಬಟ್ಟೆಯನ್ನು ಬೆಳಕಿಗೆ ಹಿಡಿದು. “ಕಾಣಲಿ ಬಿಡು.”